ನಿಂಬೆವ್ವನ ಹೊಲಕ್ಕೇ ಹೋಗುವ ಜಿಂಕೆಗಳು

ಸೋಗಲಕೊಪ್ಪ
ಕ್ರಿಸ್ತಶಕ ೨೧೯೧, ಫೆಬ್ರುವರಿ ೩೦, ಸೋಮವಾರ

ಮನೆತನದ ಹಿರಿಯಜ್ಜಿ ಶಿವಗಂಗವ್ವನವರಿಗೆ, ನಿಮ್ಮ ಮರಿಮಕ್ಕಳ ಮರಿಮಕ್ಕಳ ಮನೆಗೆ ಹಿರಿಸೊಸೆಯಾಗಿ ಬಂದ ಫಕೀರವ್ವ ಮಾಡುವ ಶರಣು.

ಇಂದು ನನಗೆ ಸೋಮವಾರದ ಒಪ್ಪತ್ತು. ಬೆಳಿಗ್ಗೆ ಎದ್ದು ಅಂಗಳ ಗುಡಿಸಿ ಸಾರಿಸಿ, ಆಕಳು ಹಿಂಡಿ, ಇಬ್ಬನಿಬಲೆ ಹಿಂಡಿ ಕೊಡ ತುಂಬಿಸಿ, ಲಿಂಗಪೂಜೆ ಮುಗಿಸಿ ಬರೆಯಲು ಕುಳಿತಿದ್ದೇನೆ. ಇಬ್ಬನಿಬಲೆ ಎಂದರೆ ರಾತ್ರಿ ಮಾಳಿಗೆಯ ಮೇಲೆ ಹರಡಿ ಮುಂಜಾನೆ ಹಿಂಡಿಕೊಳ್ಳುವ ನೂಲಿನ ಬಲೆ. ನಮ್ಮ ಕುಡಿಯುವ ನೀರೆಲ್ಲ ಅದರದೇ. ನಿಮ್ಮ ಕಾಲದಲ್ಲಿ ಫೆಬ್ರುವರಿಗೆ ಮೂವತ್ತನೆಯ ತಾರೀಕು ಇರಲಿಲ್ಲವಂತೆ. ಈಗ ತಿಂಗಳುಗಳನ್ನು ಸಮ ಮಾಡಿದ್ದಾರೆ. ಈ ಪತ್ರದಲ್ಲಿ ನಿಮಗೆ ತಿಳಿಯದ ಮಾತುಗಳು ಇನ್ನೂ ಬರುತ್ತವೆ. ನಾನು ಊರ ಶಾಲೆಯಲ್ಲಿ ಕಲಿತಷ್ಟೇ ಕಲಿತವಳು, ಕ್ಷಮಿಸಬೇಕು.

ನಿಮ್ಮ ಹಳ್ಳದಾಚೆಯ ಹೊಲದಲ್ಲಿ ನೀವು ನೀಲಗಿರಿ ಹಚ್ಚಿದಿರಿ. ನಿಮ್ಮ ಮಕ್ಕಳು ಅದನ್ನು ಕಡಿದು ಮಾರಿದರು, ಬೊಡ್ಡೆ ಚಿಗುರಿತು, ಅವರ ಮಕ್ಕಳು ಮತ್ತೆ ಕಡಿದರು. ಕೊನೆಯ ಕಡಿತ ಆದದ್ದು ನಮ್ಮ ಕಣ್ಣೆದುರಿಗೇ. ಆಮೇಲೆ ಆ ನೆಲಕ್ಕೆ ನೇಗಿಲು ಹಾಕಬಾರದು, ಅದು ಕಾಡುಪ್ರಾಣಿಗಳಿಗೆ ತಿರುಗಿ ಹೋಗಬೇಕು ಎಂದು ಊರು ಕಟ್ಟುಮಾಡಿತು. ಮನೆಮನೆಯ ಸೊಸೆಯಂದಿರಿಗೆ ಅದನ್ನು ಹಂಚಿಕೊಟ್ಟರು. ಇದಕ್ಕೆ ನಾವು ಮರುಪಾಲು ಎನ್ನುತ್ತೇವೆ. ಬೆಳೆ ಇಲ್ಲ, ಆದಾಯ ಇಲ್ಲ, ಆದರೆ ಮರುಪಾಲು ಇದ್ದವಳ ಮಾತಿಗೆ ಊರಲ್ಲಿ ತೂಕ. ಪಾಲಿನ ಸುತ್ತ ಜರಡಿ ಹಿಡಿದ ಮಣ್ಣಿನ ಪಟ್ಟಿ ಹಾಸಿರುತ್ತೇವೆ. ಯುಗಾದಿಯ ಮುಂಜಾನೆ ಹೆಜ್ಜೆ ನೋಡುವ ಹಿರಿಯರು ಬಂದು ಆ ಪಟ್ಟಿಯ ಮೇಲೆ ಯಾವ ಪ್ರಾಣಿ ನಡೆದಿದೆ ಎಂದು ಓದುತ್ತಾರೆ. ಜಿಂಕೆಯ ಗೊರಸು ಬಿದ್ದಿದ್ದರೆ ಪಾಲು ಉಳಿಯಿತು. ಈ ಯುಗಾದಿಗೂ ಬೀಳದಿದ್ದರೆ ನನ್ನ ಪಾಲು ಪಕ್ಕದವಳ ಕೈಗೆ ಹೋಗುತ್ತದೆ.

ಪಕ್ಕದವಳು ನಿಂಬೆವ್ವ, ನನ್ನ ನೆಗೆಣ್ಣಿ, ಮೈದುನನ ಹೆಂಡತಿ.

ಅಜ್ಜಿ, ದೇವರ ಮುಂದೆ ಕುಳಿತು ಎದ್ದವಳು ಸುಳ್ಳು ಬರೆಯಲಾರೆ. ನನಗೆ ಅವಳನ್ನು ಕಂಡರೆ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತದೆ. ಅವಳ ಅಡುಗೆಮನೆಯಲ್ಲಿ ನಿನ್ನೆಯ ರೊಟ್ಟಿತಟ್ಟೆ ಇಂದಿಗೂ ಇರುತ್ತದೆ. ಅವಳಿಗೆ ಸೋಮವಾರವೂ ಒಂದೇ, ಮಂಗಳವಾರವೂ ಒಂದೇ. ಅವಳ ಮರುಪಾಲೂ ಹಾಗೆಯೇ. ಕಡಿದ ಟೊಂಗೆ ಬಿದ್ದಲ್ಲೇ ಬಿದ್ದಿದೆ, ಒಣಗಿದ ಮರ ನಿಂತಲ್ಲೇ ನಿಂತಿದೆ, ಮುಳ್ಳುಕಂಟಿ ಬೆಳೆದಿದೆ. ಆ ಗಲೀಜಿಗೇ ಚುಕ್ಕೆಜಿಂಕೆಗಳು ಹಿಂಡು ಕಟ್ಟಿಕೊಂಡು ಬರುತ್ತವೆ. ಮೊಲ ಬರುತ್ತದೆ, ನವಿಲು ಬರುತ್ತದೆ. ಕಳೆದ ವರ್ಷ ಒಂದು ಜಿಂಕೆ ಅವಳ ಕಂಟಿಯಲ್ಲಿ ಮರಿ ಹಾಕಿತು. ಅಂದು ನಾನು ಪೂಜೆಗೆ ಕುಳಿತಾಗ ಮಂತ್ರ ಬಾಯಲ್ಲಿತ್ತು, ಮನಸ್ಸು ಬೇಲಿಯ ಆಚೆಗಿತ್ತು.

ನಾನೇನು ಕಡಿಮೆ ಮಾಡಿದ್ದೆ? ಮೊದಲ ವರ್ಷವೇ ತರಗೆಲೆ, ಟೊಂಗೆ ಎಲ್ಲ ಒಟ್ಟಿ ಸುಟ್ಟು ನೆಲವನ್ನು ಅಂಗಳದಂತೆ ಗುಡಿಸಿದೆ. ಶಿವನಿಗೆ ಬಿಲ್ವ, ಹನುಮಪ್ಪನಿಗೆ ಎಕ್ಕೆ, ನಡುವೆ ತುಳಸಿ ಹಚ್ಚಿದೆ. ಬೇವಿನ ಟೊಂಗೆಗೆ ಗಂಟೆ ಕಟ್ಟಿ, ಸಂಜೆಗೆ ಊದುಬತ್ತಿ ಹಚ್ಚಿ, ಪ್ರಾಣಿಗಳನ್ನು ಕಳಿಸಪ್ಪಾ ಎಂದು ಕೈಮುಗಿದೆ. ನಿಂಬೆವ್ವ ಬೇಲಿಯ ಮೇಲಿಂದ ನೋಡಿ, "ಯಕ್ಕಾ, ನಿಮ್ಮ ಹೊಲಕ್ಕ ಬರಬೇಕಂದ್ರ ಚಿಗರಿ ಕಾಲ ತೊಳಕೊಂಡು ಇಬೂತಿ ಹಚಗೊಂಡು ಬರಬೇಕಾಕ್ಕೈತಿ, ಪಾಪ ಅವಕ್ಕ ಎಲ್ಲಿ ಪುರಸೊತ್ತು" ಎಂದಳು. ಚಿಗರಿ ಎಂದರೆ ಜಿಂಕೆ, ನಿಮ್ಮ ಬಾಯಲ್ಲೂ ಅದೇ ಮಾತಿತ್ತೋ ಏನೋ. ಮನೆಗೆ ಬಂದು ಯಜಮಾನರಿಗೆ ದೂರಿದರೆ ಅವರೂ, "ನಿನ್ನ ಮ್ಯಾಲ ಅವಕ್ಕ ಭಾಳ ಭಕ್ತಿ, ದೂರಿಂದನ ಕೈಮುಗದ ಹೋಗತಾವ" ಎಂದು ನಕ್ಕರು.

ಹೋದ ಯುಗಾದಿಗೆ ಹೆಜ್ಜೆ ನೋಡಲು ಬಂದ ಹಿರಿಯ ಯಮನಪ್ಪ ನನ್ನ ಮಣ್ಣಿನ ಪಟ್ಟಿಯ ಮೇಲೆ ಬಹಳ ಹೊತ್ತು ಬಗ್ಗಿದ. "ಯವ್ವಾ, ಇದರಾಗ ಒಂದ ಗುರುತ ಐತಿ ನೋಡು, ನಿನ್ನ ಕಸಬರಿಗಿದು" ಎಂದ. ಗಂಟೆಯ ಕಡೆ ಕೈ ತೋರಿಸಿ, "ದೇವರಿಗೆ ಕೇಳಸ್ತೈತಿ, ಬರ್ತಾನ. ಚಿಗರಿಗೂ ಕೇಳಸ್ತೈತಿ, ಓಡತಾವ" ಎಂದ. ನನ್ನ ಎಕ್ಕೆಯನ್ನೂ ತುಳಸಿಯನ್ನೂ ಯಾವ ಪ್ರಾಣಿಯೂ ತಿನ್ನುವುದಿಲ್ಲ ಎಂದೂ ಅವನೇ ಹೇಳಬೇಕಾಯಿತು. ಒಂದು ವರ್ಷದ ವಾಯಿದೆ ಕೊಟ್ಟು ಹೋದ.

ಅಂದಿನಿಂದ ನಾನು ಕಸಬರಿಗೆಯನ್ನು ಮನೆಯಲ್ಲೇ ಬಿಟ್ಟು ಹೋಗುವುದನ್ನು ಕಲಿತೆ. ಗಂಟೆ ಬಿಚ್ಚಿ ಗುಡಿಗೆ ಕೊಟ್ಟೆ. ನೀಲಗಿರಿ ಬೊಡ್ಡೆ ಚಿಗುರಿದಂತೆಲ್ಲ ಚಿಗುರು ಮುರಿದೆ, ಕೆಳಗೆ ಬಿಸಿಲು ಬಿದ್ದು ಹುಲ್ಲು ಎದ್ದಿತು. ಟೊಂಗೆಗಳನ್ನು ಅಲ್ಲಲ್ಲಿ ಗುಡ್ಡೆ ಹಾಕಿ ಬಿಟ್ಟೆ. ಬೋರೆ, ಕಾರೆ, ನೆಲ್ಲಿಯ ಬೀಜ ಊರಿದೆ. ಗುಡಿಸದೆ ಬಿಟ್ಟ ನೆಲ ನೋಡಿದಾಗಲೆಲ್ಲ ಕೈ ತುರಿಸುತ್ತಿತ್ತು, ಶಿವನಾಮ ಹೇಳಿ ತಡೆದುಕೊಂಡೆ. ಮೊಲ ಬಂತು. ಮುಂಗುಸಿ ಬಂತು. ಜಿಂಕೆ ಬರಲಿಲ್ಲ.

ಮೊನ್ನೆ ಶನಿವಾರ ನಮ್ಮಿಬ್ಬರ ನಡುವಿನ ಮುಳ್ಳುಬೇಲಿಯಲ್ಲಿ ಒಂದು ಸಂದಿ ಕಂಡೆ. ಪ್ರಾಣಿ ನುಗ್ಗಿ ಆದದ್ದಲ್ಲ, ಕುಡುಗೋಲಿನಿಂದ ಕಡಿದದ್ದು. ನಿಂಬೆವ್ವ ತನ್ನ ಜಿಂಕೆಗಳು ನನ್ನ ಕಡೆ ಬರಲಿ ಎಂದು ಬೇಲಿ ತೆರೆದಿದ್ದಳು. ನನ್ನ ಪಾಲು ಹೋದರೆ ಸಿಗುವುದು ಅವಳಿಗೇ, ಆದರೂ ತೆರೆದಿದ್ದಳು. ನನಗೆ ಸಂತೋಷವಾಗಬೇಕಿತ್ತು, ಮೈ ಉರಿಯಿತು. ಜಿಂಕೆಯೂ ಅವಳದೇ, ದೊಡ್ಡಸ್ತಿಕೆಯೂ ಅವಳದೇ ಆದರೆ ನನಗೇನು ಉಳಿಯಿತು? ಮುಳ್ಳು ತಂದು ಮುಚ್ಚಿದೆ. ನಿನ್ನೆ ಮತ್ತೆ ತೆರೆದಿತ್ತು. ಹತ್ತಿರ ಹೋಗಿ ನೋಡಿದರೆ ಗೊರಸಿನ ಗುರುತು ಸಂದಿಯವರೆಗೂ ಬಂದು, ಅಲ್ಲಿ ನಿಂತು, ಹಿಂದಕ್ಕೆ ತಿರುಗಿತ್ತು. ಅವಳ ಕಡೆ ತಗ್ಗಿನಲ್ಲಿ ನೀರಿದೆ. ನನ್ನ ಕಡೆ ಹುಲ್ಲಿದೆ, ನೆರಳಿದೆ, ಒಂದು ಹನಿ ನೀರಿಲ್ಲ. ಯಾರು ಸುಮ್ಮನೆ ಬರುತ್ತಾರೆ?

ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ನೀಲಗಿರಿ ಹಚ್ಚುವ ಮೊದಲು ಆ ಹೊಲ ನೋಡಿದವರು ನೀವೊಬ್ಬರೇ. ನನ್ನ ಅತ್ತೆ ಹೇಳುತ್ತಿದ್ದರು, ನೀವು ಅಟ್ಟದ ಮೇಲೆ ಕುಳಿತು ಕವಣೆ ಬೀಸಿ, ತಗಡು ಬಡಿದು ಜೋಳದಿಂದ ಜಿಂಕೆ ಓಡಿಸುತ್ತಿದ್ದಿರಂತೆ. ಅವುಗಳ ಕಾಟಕ್ಕೆ ಬೇಸತ್ತೇ, ಯಾವ ಪ್ರಾಣಿಯೂ ಮುಟ್ಟದ ಮರ ಹಚ್ಚಿದಿರಂತೆ. ಬೆಳೆ ಕಳೆದುಕೊಂಡವರ ಸಂಕಟ ನನಗೆ ತಿಳಿಯದು, ಹಳಿಯುವುದಿಲ್ಲ. ಆದರೆ ಅಜ್ಜಿ, ನಿಂಬೆವ್ವನಿಗಿಂತ ಹೆಚ್ಚಾಗಿ ನಿಮ್ಮ ಮೇಲೆ ನನಗೆ ಹೊಟ್ಟೆಕಿಚ್ಚು. ಬೇಡ ಬೇಡವೆಂದರೂ ನಿಮ್ಮಲ್ಲಿಗೆ ಬಂದವು. ನಾನು ಬೇಡಿಕೊಂಡರೂ ಸಂದಿಯಿಂದ ಮುಖ ನೋಡಿ ಹೋಗುತ್ತವೆ.

ಆ ಹೊಲದಲ್ಲಿ ಮಳೆನೀರು ಬಹಳ ದಿನ ನಿಲ್ಲುತ್ತಿದ್ದ ತಗ್ಗು ಎಲ್ಲಿತ್ತು, ಅಲ್ಲಿ ನೆಲದಿಂದ ನೀರು ಜಿನುಗುವ ಊಟೆ ಇತ್ತೇ, ಅಷ್ಟು ತಿಳಿಸಿ. ಯುಗಾದಿಯೊಳಗೆ ಅಗೆದು ನೀರು ಕಾಣಿಸುತ್ತೇನೆ. ಇದನ್ನು ಹಿನ್ನಂಚೆಗೆ ಹಾಕುತ್ತಿದ್ದೇನೆ. ಹಿನ್ನಂಚೆ ಎಂದರೆ ಹಿಂದಿನ ಕಾಲದವರಿಗೆ ಪತ್ರ ಒಯ್ಯುವ ಅಂಚೆ. ಅದರ ಅಂಚೆಕಟ್ಟೆ ಇರುವುದು ಹೋಬಳಿಯಲ್ಲಿ, ನಿಮ್ಮ ಉತ್ತರವೂ ಅಲ್ಲಿಗೇ ಬರುತ್ತದೆ. ನಮ್ಮೂರಿಂದ ಅಲ್ಲಿಗೆ ಹೋಗುವ, ಬಿಸಿಲಿನ ಬಲದಿಂದ ಓಡುವ ಬಿಸಿಲುಬಂಡಿ ಒಂದೇ, ಅದನ್ನು ಓಡಿಸುವವಳು ನಿಂಬೆವ್ವ.

ನಿಂಬೆವ್ವಾ, ಇಲ್ಲಿಂದ ಮುಂದಿನದು ನಿನಗೆ. ನೀನು ಇದನ್ನು ಬಿಚ್ಚಿ ಓದುತ್ತೀ ಎಂದು ಗೊತ್ತಿದ್ದೇ ಕೊಟ್ಟಿದ್ದೇನೆ, ಎದುರಿಗೆ ನಿಂತು ಹೇಳಲು ನನ್ನಿಂದಾಗದು. ಇಂದು ನಾನು ಸಂದಿ ಮುಚ್ಚಿಲ್ಲ. ಗುರುವಾರ ಮತ್ತೆ ಹೋಬಳಿಗೆ ಹೋದಾಗ ಅಜ್ಜಿಯ ಉತ್ತರ ಬಂದಿದ್ದರೆ ತಂದುಕೊಡು. ದಾರಿಯಲ್ಲೇ ಓದಿಕೋ, ಅಡ್ಡಿಯಿಲ್ಲ. ತಗ್ಗು ನನ್ನ ಪಾಲಿನಲ್ಲಿ ಇತ್ತೆಂದು ಬರೆದಿದ್ದರೆ ಬರುವಾಗ ನಿನ್ನ ಗುದ್ದಲಿಯನ್ನೂ ತಾ, ಇಬ್ಬರೂ ಅಗೆಯೋಣ. ಅದೂ ನಿನ್ನ ಪಾಲಿನಲ್ಲೇ ಇತ್ತೆಂದು ಬರೆದಿದ್ದರೆ ಆ ಪತ್ರವನ್ನು ಒಂದು ದಿನ ನಿನ್ನ ಬಳಿಯೇ ಇಟ್ಟುಕೊಂಡು ಮರುದಿನ ಕೊಡು. ಅಂದು ಮಾತ್ರ ನನ್ನ ಮುಂದೆ ನಗಬೇಡ.