ತಿಹೋಮಿರ್ ಮಾಮನ ತಪ್ಪು

ನವೆಂಬರ್ 14, ಬೆಳಿಗ್ಗೆ 8.20

ಕಾಫಿ ಮತ್ತೆ ಉಕ್ಕಿತು. ಡಾನ್ಯೂಬ್ ಕಡೆಯಿಂದ ಸುಡುಗಾಡು ಗಾಳಿ. ಒಂದು ಸರ್ವರನ್ನು ಹಲವು ಮಶೀನ್‌ಗಳಾಗಿ ಹಂಚುವ ಹೈಪರ್‌ವೈಸರ್ ತಂತ್ರಾಂಶದ ಕಂಪನಿಯಿಂದ ಎಚ್ಚರಿಕೆ ಬಂದಿದೆ. ನಮ್ಮ ಒಂದೇ ಸರ್ವರ್‌ನಲ್ಲಿ ಹದಿನಾಲ್ಕು ವರ್ಚುವಲ್ ಮಶೀನ್‌ಗಳು ಬಾಡಿಗೆದಾರರ ಹಾಗೆ ಇವೆಯಲ್ಲ, ಅವುಗಳಲ್ಲಿ ಒಂದು ಸೌಂಡ್ ಕಾರ್ಡಿಗೆ ತಪ್ಪು ಆಜ್ಞೆ ಕೊಟ್ಟರೂ ಸಾಕು, ಇಡೀ ಸರ್ವರ್ ಕಲ್ಲಾಗುತ್ತದಂತೆ. ಕಳವಿಲ್ಲ, ಸೋರಿಕೆಯಿಲ್ಲ. ನಿಲ್ಲುತ್ತದೆ, ಅಷ್ಟೆ. ದೋಷ ಸರಿಪಡಿಸುವ ಪ್ಯಾಚ್ ಹಾಕಿ ರೀಸ್ಟಾರ್ಟ್ ಮಾಡಬೇಕು.

"ಅಷ್ಟೇನಾ? ಊಟ ಆದ್ಮೇಲೆ ನಾನೂ ದಿನಾ ನಿಂತ್‌ಬಿಡ್ತೀನಿ" ಅಂದರು ತಿಹೋಮಿರ್ ಮಾಮ. ಮಾಮ ಅನ್ನುವುದು ಪ್ರೀತಿಗೆ, ಹನ್ನೊಂದು ವರ್ಷದಿಂದ ನನ್ನ ಮೇಲಧಿಕಾರಿ. ಇದೇ ಥರದ ಜೋಕು.

ನಗು ಬಂತು. ಆದರೆ ನಮ್ಮದು ಅಂಧರ ಗ್ರಂಥಾಲಯ. ಸರ್ವರ್ ನಿಂತರೆ ಮುನ್ನೂರು ಮನೆಗಳಲ್ಲಿ ಪುಸ್ತಕ ಓದುವ ದನಿ ನಿಲ್ಲುತ್ತದೆ.

ನವೆಂಬರ್ 18

ಪ್ಯಾಚ್ ಹಾಕಿಲ್ಲ. 21ಕ್ಕೆ ಮಾಮನ ಮನೆದೇವರ ಹಬ್ಬ. ತಲೆಯೆಲ್ಲ ಎಲೆಕೋಸು, ಹಂದಿಮಾಂಸ, ವೈನ್...

"ಹಬ್ಬ ಮುಗೀಲಿ ಪುಟ್ಟೀ. ಓಡ್ತಿರೋದನ್ನ ಯಾಕೆ ಕೆಣಕ್ತೀಯ? ಇಪ್ಪತ್ತೆರಡಕ್ಕೆ ಮೊದಲ ಕೆಲಸ ಅದೇ."

ಮುಂದೂಡುವ ಫಾರ್ಮಿಗೆ ಅವರೇ ಸಹಿ ಹಾಕಿದರು. ಬೇಡ ಅನ್ನಬೇಕಿತ್ತು. ಅನ್ನಲಿಲ್ಲ, ದಡ್ಡಿ. ತಿಂಗಳ ಕೊನೆಗೆ ಮಾಮನ ನಿವೃತ್ತಿ. ಅವರನ್ನು ಇನ್ನೊಂದು ವರ್ಷ ಮುಂದುವರಿಸುವ ಕಾಗದ ನಿರ್ದೇಶಕಿ ಬೊಯಾನಾ ಮೇಡಂ ಮೇಜಿನ ಮೇಲಿದೆ. ಆ ಒಂದು ವರ್ಷಕ್ಕೆ ಮಾಮ ಎಷ್ಟು ಆಸೆಪಟ್ಟಿದ್ದಾರೆ ಅಂತ ನನಗೊಬ್ಬಳಿಗೇ ಗೊತ್ತು.

ನವೆಂಬರ್ 21, ಸಂಜೆ 6

ಮನೆದೇವರ ಹಬ್ಬಕ್ಕೆ ಯಾರೂ ಯಾರನ್ನೂ ಕರೆಯುವುದಿಲ್ಲ, ಎಲ್ಲರೂ ಹೋಗುತ್ತಾರೆ. ಬೊಯಾನಾ ಮೇಡಂ ಮೂರನೇ ತಟ್ಟೆಯಲ್ಲಿದ್ದರು. ಮಾಮ ಕೂರುವ ಹಾಗಿಲ್ಲ. ಯಜಮಾನ ನಿಂತೇ ಬಡಿಸಬೇಕು. ಒಂದೂವರೆಗೆ ನನ್ನ ಫೋನು ಬಡಿದುಕೊಂಡಿತು. ಸ್ಟುಡಿಯೋದಲ್ಲಿ ಯಾರೋ ಹಳೇ ಮಶೀನ್‌ನಲ್ಲಿ ಧ್ವನಿಮುದ್ರಣ ಶುರುಮಾಡಿದ್ದಾರೆ, ಸೌಂಡ್ ಕಾರ್ಡಿಗೆ ಅದೇ ತಪ್ಪು ಆಜ್ಞೆ ಹೋಗಿದೆ — ಹದಿನಾಲ್ಕೂ ಢಮಾರ್.

ಮಾಮ ಕೋಟಿಗೆ ಕೈ ಹಾಕಿದರು. ಅವರ ಅಕ್ಕ ಸ್ತೊಯಾಂಕಾ ಬಾಗಿಲಿಗೆ ಅಡ್ಡ ನಿಂತರು. "ದೇವರ ಮುಂದೆ ಮೇಣದಬತ್ತಿ ಉರೀತಿದೆ, ಮನೆ ತುಂಬ ನೆಂಟರು. ಯಜಮಾನ ಹೊಸಿಲು ದಾಟ್ತಾನೇನೋ? ದೇಸಂಕಾ ಇಲ್ವಾ? ಅವಳು ಹೋಗ್ತಾಳೆ!" ಅಂತ ನನ್ನತ್ತ ಬೆರಳು ತೋರಿಸಿದರು.

ಓಡಿದೆ. ಮಾಮ ಫೋನಿನಲ್ಲೇ ಒಂದೊಂದಾಗಿ ಹೇಳಿಕೊಟ್ಟರು. ಹಿಂದೆ ತಟ್ಟೆಗಳ ಸದ್ದು. ಪ್ಯಾಚ್, ರೀಸ್ಟಾರ್ಟ್. ನಾಲ್ಕಕ್ಕೆ ದನಿ ಬಂತು. ಅದಕ್ಕೂ ಸ್ವಲ್ಪ ಮುಂಚೆ, ಪುಸ್ತಕ ಕೇಳುತ್ತಿದ್ದ ಒಬ್ಬ ಅಜ್ಜಿಯ ಫೋನು: "ಕತೇಲಿ ಬಾಗಿಲು ತಟ್ಟಿದ್ದು ಯಾರು ಅಂತ ಹೇಳ್ರೀ! ಒಂದೂವರೆಯಿಂದ ಎದೆ ಡವಡವ ಅಂತಿದೆ!"

ನವೆಂಬರ್ 22

ಯಾರು ಮುಂದೂಡಿದ್ದು? ಮಧ್ಯಾಹ್ನದೊಳಗೆ ವರದಿ ಕೊಡಿ ಅಂದರು ಮೇಡಂ. ನನ್ನ ಹೆಸರನ್ನೇ ಬರೆದೆ. ಮಾಮನ ಸಹಿಯ ಫಾರ್ಮನ್ನು ಹರಿದು ಬುಟ್ಟಿಗೆ ಹಾಕಿದೆ. ವರದಿಯನ್ನು ಮೇಡಂ ಮೇಜಿನ ಮೇಲಿಟ್ಟು ಬಂದೆ.

ಎರಡು ಗಂಟೆಗೆ ಇಬ್ಬರನ್ನೂ ಕರೆದರು. ನನ್ನ ವರದಿಯಲ್ಲಿ ನನ್ನ ಹೆಸರಿಗೆ ಕೆಂಪು ಗೀಟು. ಮೇಲೆ ಮಾಮನ ಹೆಸರು, ಅವರದೇ ಅಕ್ಷರ. ನಾನು ಇಟ್ಟು ಬಂದ ಮೇಲೆ ಒಳಗೆ ಹೋಗಿ ತಿದ್ದಿದ್ದಾರೆ. ಜೊತೆಗೆ ಹರಿದ ಫಾರ್ಮು — ಬುಟ್ಟಿಯಿಂದ ಹೆಕ್ಕಿ ಅಂಟಿಸಿದ್ದಾರೆ, ಮಹಾನುಭಾವ!

"ನಲವತ್ತು ವರ್ಷ ದುಡಿದಿದೀನಿ ಪುಟ್ಟೀ. ಹೋಗೋವಾಗ ನನ್ನ ತಪ್ಪಾದ್ರೂ ನನ್ನ ಹೆಸರಲ್ಲೇ ಇರಲಿ ಬಿಡು."

ಮೇಡಂ ತುಂಬ ಹೊತ್ತು ಕನ್ನಡಕ ಒರೆಸಿದರು. "ನಿಮ್ಮನೇಲಿ ಮೂರು ತಟ್ಟೆ ತಿಂದವಳು ನಾನು. ಆದ್ರೂ... ಮುಂದುವರಿಸೋಕೆ ಆಗಲ್ಲ ತಿಹೋಮಿರ್."

"ಗೊತ್ತಮ್ಮ" ಅಂದರು ಮಾಮ.

ಹೊರಗೆ ಬಂದು ಅವರನ್ನು ಚೆನ್ನಾಗಿ ಬೈದೆ. ಆಮೇಲೆ ತಬ್ಬಿಕೊಂಡು ಅತ್ತೆ. ಅಪ್ಪನಿಗಿಂತ ಹೆಚ್ಚು ಈ ಮನುಷ್ಯ ನನಗೆ.

ನವೆಂಬರ್ 29

ಕೊನೆ ದಿನ. ಬರೆಯಲಾರೆ.

ಡಿಸೆಂಬರ್ 2, ಬೆಳಿಗ್ಗೆ 8.15

ಬೀಗ ತೆಗೆಯುವಾಗಲೇ ಫೋನು.

"ಎಲ್ಲಾ ಎದ್ದಿವೆಯಾ?"

"ಎದ್ದಿವೆ ಮಾಮ. ಹದಿನಾಲ್ಕೂ."

"ಮತ್ತೆ ನೀನು ಯಾಕೆ ಹೀಗೆ ಮಾತಾಡ್ತಿದೀಯ?"

"ನೆಗಡಿ."

ಹೂಂ ಅಂದರು. ಅವರು ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ.