ಪುರಿಭಟ್ಟಿಯ ಹೊಗೆ

ಹೊಳೆನರಸೀಪುರ
9-1-1959

ನನ್ನ ಪ್ರೀತಿಯ ಅಮ್ಮನ ಪಾದಗಳಿಗೆ ರಾಜೀಮತಿ ಮಾಡುವ ನಮಸ್ಕಾರಗಳು.

ನಾವು ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ನಮ್ಮ ಮನೆಯ ಮಾಲೀಕರಾದ ಪರಮಶಿವಯ್ಯ ದೀಪಾವಳಿ ಕಳೆದ ಮೇಲೆ ಪಕ್ಕದ ತಮ್ಮ ಹಿತ್ತಿಲಲ್ಲಿ ಕಡಲೆಪುರಿ ಹುರಿಯುವ ಭಟ್ಟಿ ಹಾಕಿದ್ದಾರೆ. ಹಸಿ ಸೌದೆ, ತೆಂಗಿನ ಮಟ್ಟೆ, ಸಿಕ್ಕಿದ್ದನ್ನೆಲ್ಲ ಒಟ್ಟುತ್ತಾರೆ. ಹೊಗೆ ನೇರ ನಮ್ಮ ಕೋಣೆಗೇ ನುಗ್ಗುತ್ತದೆ. ಕಿಟಕಿಗೆ ಗೋಣಿತಾಟು ಕಟ್ಟಿದರೂ ಹೆಂಚಿನ ಸಂದಿಯಿಂದ ಇಳಿಯುತ್ತದೆ. ನಿನ್ನ ಮೊಮ್ಮಗ ಪದ್ಮರಾಜನಿಗೆ ಆಗಿನಿಂದ ಉಬ್ಬಸ. ಅವನು ಮಲಗಿದ್ದರೆ ಎದೆಯ ಮೇಲೆ ಕೈಯಿಟ್ಟುಕೊಂಡೇ ಕೂರುತ್ತೇನೆ. ಒಂದು ಉಸಿರು ತಡವಾದರೂ ನನ್ನ ಜೀವ ಹಾರುತ್ತದೆ.

ನಿನ್ನ ಅಳಿಯಂದಿರು ಒಮ್ಮೆ ಹೋಗಿ ಕೇಳಿದರು. "ಸಂಕ್ರಾಂತಿ ಬತ್ತಾ ಅದೆ, ಈಗ ಭಟ್ಟಿ ನಿಲ್ಸಾಕಾಯ್ತದಾ ಸಾ?" ಎಂದರಂತೆ ಪರಮಶಿವಯ್ಯ. ಬೇರೆ ಮನೆ ಸಿಗುವುದಿಲ್ಲವೆಂದು ಇವರು ಹಿಂತಿರುಗಿ ಬಂದರು.

ನಿನ್ನೆ ಬೆಳಿಗ್ಗೆ ಮಗುವಿನ ತುಟಿ ನೀಲಿಯಾಯಿತು. ನನಗೇನು ಬಂತೋ ಗೊತ್ತಿಲ್ಲ, ಅವನನ್ನು ಸೊಂಟದಲ್ಲಿ ಇಟ್ಟುಕೊಂಡೇ ಹೋಗಿ ಉರಿಯುವ ಭಟ್ಟಿಗೆ ಬಿಂದಿಗೆ ನೀರು ಸುರಿದೆ. ಪರಮಶಿವಯ್ಯನ ಹೆಂಡತಿ ಲಕ್ಕಮ್ಮ ಬಯ್ಯುತ್ತಾ ಬಂದವರು ಮಗುವಿನ ಮುಖ ನೋಡಿ ನಿಂತುಬಿಟ್ಟರು. "ಕೊಡಿಲ್ಲಿ" ಎಂದು ಕಿತ್ತುಕೊಂಡು ಡಾಕ್ಟರ ಮನೆಗೆ ಓಡಿದರು. ನಾನು ಹಿಂದೆ. ಸೂಜಿ ಹಾಕಿದ ಮೇಲೆ ಉಬ್ಬಸ ಇಳಿಯಿತು. ಮತ್ತೆ ಹೊಗೆ ಕುಡಿಸಿದರೆ ಕಷ್ಟ ಎಂದರು ಡಾಕ್ಟರು.

ಸಂಜೆ ಪರಮಶಿವಯ್ಯ ಬಾಗಿಲಿಗೇ ಬಂದು, "ಇನ್ನೊಂದ್ಸಲ ನೀರಾಕುದ್ರೆ ಪಾತ್ರೆ ಪಡಗ ಬೀದಿಗಾಕ್ತೀನಿ" ಎಂದರು. ಇವರು ಕೈಮುಗಿದು ಕ್ಷಮೆ ಕೇಳಿದರು. ಅಮ್ಮಾ, ನನಗೆ ಆ ಮಾತಿಗಿಂತ ಇವರ ಮುಗಿದ ಕೈ ನೋಡಿ ಭಯವಾಯಿತು. ಭಟ್ಟಿ ಒಣಗುತ್ತಿದೆ, ನಾಳೆ ಮಧ್ಯಾಹ್ನ ಮತ್ತೆ ಹಚ್ಚುತ್ತಾರಂತೆ. ಜಿನರಾಜಣ್ಣನನ್ನು ಬೇಗ ಕಳಿಸು.

ನಿನ್ನ ಮಗಳು,
ರಾಜೀಮತಿ

ತಾ.ಕ.: ಕಾಗದ ಮಡಿಸುವಾಗ ಲಕ್ಕಮ್ಮ ಹಿತ್ತಿಲ ಬಾಗಿಲಿಗೆ ಬಂದಿದ್ದರು. ಮೊದಲಿದ್ದ ಊರಲ್ಲೂ ಅವರದು ಇದೇ ಕಸುಬಂತೆ. "ನನ್ ಕೂಸೂ ಇಂಗೇ ಏದಿ ಏದಿ ವೋಯ್ತು ಕಣವ್ವ. ಒಗೆಯಿಂದಲ್ಲ ಅಂತಾರೆ ಇವ್ರು. ನಿಮ್ಮಣ್ಣ ಬರೋಗಂಟ ಕಾಯ್ಬ್ಯಾಡ" ಎಂದರು. ಅದಕ್ಕೇ ಈ ಕಾಗದವನ್ನು ನಮ್ಮೂರು ಹಿರೀಸಾವೆಗೆ ಬರುವ ಇವತ್ತಿನ ಬಸ್ಸಿನ ಕಂಡಕ್ಟರ ಕೈಲಿ ಕೊಡುತ್ತಿದ್ದೇನೆ. ನಾಳೆ ಮೊದಲ ಬಸ್ಸಿಗೆ ಮಗುವಿನೊಂದಿಗೆ ಬರುತ್ತೇನೆ. ಇವರಿಗೆ ಹೇಳಿಲ್ಲ. ಇವರು ಬಂದು ಎಷ್ಟೇ ಬೇಡಿಕೊಂಡರೂ, ನಾನೇ ಮನಸ್ಸು ಕರಗಿ ಹೊರಟು ನಿಂತರೂ, ಮಗುವನ್ನು ಮಾತ್ರ ಕೊಡಬೇಡ.