ಕಾರಿನಿಂದ ಇಳಿದವನು

ಕೊಟ್ರೇಶ,

ಈ ಸೀಸನ್ನಿನ ಕೊನೆಯ ರೇಸು ಇವತ್ತು ಬಹ್ರೇನ್‌ನಲ್ಲಿ ನಡೆಯಿತು. ಮೂವರು ಸರದಿಯಲ್ಲಿ ಓಡಿಸುವ ನಿಮ್ಮ ಕಾರಿಗೆ, ನೀನು ಟ್ರ್ಯಾಕಿನಲ್ಲೇ ತೀರಿಕೊಂಡ ಮೇಲೆ, ಬೇರೊಬ್ಬ ಚಾಲಕ ಬಂದಿದ್ದಾನೆ. ಬ್ಯಾಡಗಿಯ ಮನೆಯಲ್ಲಿ ನಾನೂ ನಿನ್ನ ಅವ್ವನೂ ಟಿವಿ ಮುಂದೆ ಕುಳಿತಿದ್ದೆವು. ಚಾಲಕ ಬದಲಾಗಲೆಂದು ಕಾರು ನಿಂತಿತು. ಹೆಲ್ಮೆಟ್ ತೊಟ್ಟವನೊಬ್ಬ ಇಳಿದ.

"ಪುಷ್ಪಾ, ನೋಡವಾ, ನನ್ನ ಮಗ ಇಳದಾನ!" ಅತ್ತೆ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದರು. "ಅಂವನ ನಡಿಗಿ ನನಗ ಗುರುತು ಸಿಗೂದಿಲ್ಲೇನು?"

ನಿನ್ನ ಸಮಾಧಿಗೆ ಹಿಡಿ ಮಣ್ಣು ಹಾಕಿದ್ದೂ ಅವರ ಅದೇ ಕೈ. ಅಲ್ಲ ಎನ್ನಲು ನನ್ನಿಂದಾಗಲಿಲ್ಲ.

"ಹೌದ್ರೀ ಅತ್ತಿ, ಅವರ" ಎಂದೆ.

ಆ ಹುಡುಗ ಹೆಲ್ಮೆಟ್ಟಿನ ಪಟ್ಟಿ ಬಿಚ್ಚತೊಡಗಿದ. ಅವನು ಅದನ್ನು ತೆಗೆಯುವ ಮೊದಲೇ ನಾನು ಓಡಿಹೋಗಿ ಟಿವಿ ಆರಿಸಿಬಿಟ್ಟೆ.